ಸರ್ ಸ್ಟೇಟಸ್ಸು, ಅಕ್ಕೋರ ಫೋಟೊ: ಹೊಸ ಶಿಕ್ಷಕರಿಗೆ ಹಿರಿಯನ ಕಿವಿಮಾತು

ಹಾನಗಲ್ಲಿನ ಸಂತೆಯಲ್ಲಿ ಮಾಸ್ತರು ಬದನೆಕಾಯಿ ಕೊಂಡರೆ ಮರುದಿನ ಐದನೇ ವರ್ಗದ ಹುಡುಗ ‘ಸರ್, ನಿನ್ನೆ ಮನ್ಯಾಗ ಎಣ್ಣಿಗಾಯಿ ಏನ್ರಿ?’ ಎಂದು ಕೇಳುತ್ತಾನೆ. ನಮ್ಮ ಕಡೆ ಶಿಕ್ಷಕರ ಬದುಕು ಮೊದಲಿನಿಂದಲೂ ಊರ ಕಣ್ಣೆದುರೇ ನಡೆದದ್ದು. ಆದರೆ ಹಿಂದೆ ಊರ ಮಾತು ಊರ ಅಗಸಿಯಲ್ಲೇ ನಿಲ್ಲುತ್ತಿತ್ತು. ಈಗ ಹಿರೇಕೆರೂರಿನಲ್ಲಿ ಹುಟ್ಟಿದ ಮಾತು ಮಧ್ಯಾಹ್ನದ ಊಟದೊಳಗೆ ಸವಣೂರು, ಶಿಗ್ಗಾಂವಿ ದಾಟಿ ಹಾವೇರಿಯ ಡಿಡಿಪಿಐ ಮೇಜಿಗೆ ಫೋಟೊ ಸಮೇತ ಹೋಗಿ ಕೂತಿರುತ್ತದೆ.

ಇದು ಹೆಚ್ಚಿದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದವು, ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಗುಡಿಯ ಕಟ್ಟೆ, ಸಮುದಾಯ ಭವನಗಳಲ್ಲಿ ಪಾಠ ನಡೆದವು. ಸ್ಮಾರ್ಟ್‌ಫೋನ್ ಇದ್ದ ಮನೆಗಳಿಗೆ ವಾಟ್ಸ್‌ಆ್ಯಪ್ ಗ್ರೂಪ್ ಆದವು. ಶಿಕ್ಷಕರ ಸ್ವಂತ ನಂಬರು ಮನೆಮನೆಯ ಫೋನಿನಲ್ಲಿ ಸೇವ್ ಆಯಿತು. ಶಾಲೆ ಮತ್ತೆ ತೆರೆದವು, ಗ್ರೂಪುಗಳು ಹಾಗೇ ಉಳಿದವು.

ಹೊಸದಾಗಿ ನೌಕರಿಗೆ ಬಂದ ತಮ್ಮಂದಿರೆ, ತಂಗಿಯರೆ, ನಿವೃತ್ತ ಮಾಸ್ತರನಾದ ನಾನು ಫೋನ್ ಬಿಡಿ ಎಂದು ಹೇಳುವವನಲ್ಲ. ಗೆರೆ ಎಳೆದುಕೊಳ್ಳಿ ಎನ್ನುತ್ತೇನೆ. ಆ ಗೆರೆ ಇದ್ದರೆ ಯಾರ ಅನುಮಾನಕ್ಕೂ ಎಡೆಯಿಲ್ಲದೆ ಮಕ್ಕಳಿಗೆ ಹತ್ತಿರವಾಗಿರಬಹುದು.

ನಿಮ್ಮ ಫೋನು, ನಿಮ್ಮ ಮನೆ

• ಸಾಲಿಗೆ ಒಂದು ನಂಬರು, ಮನೆಗೆ ಒಂದು ನಂಬರು ಇರಲಿ. ಎರಡು ಫೋನು ಕೊಳ್ಳಬೇಕಿಲ್ಲ. 2023ರ ಅಕ್ಟೋಬರ್‌ನಿಂದ ಆಂಡ್ರಾಯ್ಡ್ ಫೋನಿನ ಒಂದೇ ವಾಟ್ಸ್‌ಆ್ಯಪ್‌ನಲ್ಲಿ ಎರಡು ಖಾತೆ ನಡೆಸಲು ಬರುತ್ತದೆ. ಪಾಲಕರಿಗೆ, ಸಿಆರ್‌ಪಿಗೆ, ಬಿಇಒ ಕಚೇರಿಗೆ ಸಾಲಿ ನಂಬರು; ಅಣ್ಣತಮ್ಮಂದಿರಿಗೆ, ಗೆಳೆಯರಿಗೆ ಇನ್ನೊಂದು. ಈ ಒಂದು ಕೆಲಸ ಮಾಡಿದರೆ ಕೆಳಗಿನ ಅರ್ಧ ಮಾತು ಹೇಳುವ ಅಗತ್ಯವೇ ಇಲ್ಲ.

• ಎರಡು ನಂಬರು ಆಗದಿದ್ದರೆ ಸ್ಟೇಟಸ್ಸಿನ ಬೀಗ ಹಾಕಿ. ‘ನನ್ನ ಕಾಂಟ್ಯಾಕ್ಟ್‌ಗಳಿಗೆ’ ಎಂದು ಬಿಟ್ಟರೆ ಎಸ್‌ಡಿಎಂಸಿ ಅಧ್ಯಕ್ಷರೂ ನಿಮ್ಮ ಕಾಂಟ್ಯಾಕ್ಟೇ. ಆಯ್ದ ಕೆಲವರಿಗಷ್ಟೇ ಕಾಣುವ ಆಯ್ಕೆ ಅಲ್ಲೇ ಇದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳನ್ನು ಪ್ರೈವೇಟ್ ಮಾಡಿ. ಹಳೆಯ ಫೋಟೊಗಳನ್ನೂ ಒಮ್ಮೆ ನೋಡಿ. ಡಿ.ಇಡಿ, ಬಿ.ಇಡಿ ಓದುವಾಗ ಹಾಕಿದ ಸಾಲು ಇವತ್ತು ನಿಮ್ಮ ವಿದ್ಯಾರ್ಥಿಯ ಕಣ್ಣಿಗೆ ಬೀಳುತ್ತದೆ.

• ಆದರೂ ಹೆದರಿ ಬದುಕಬೇಡಿ. ಮದುವೆ, ಮಗುವಿನ ಹುಟ್ಟುಹಬ್ಬ, ಜಾತ್ರೆ, ಗೆಳತಿಯರ ಜೊತೆ ಗೋವಾ ಪ್ರವಾಸ ಇವು ತಪ್ಪಲ್ಲ. ನಿಮ್ಮವರ ನಡುವೆ ಹಂಚಿಕೊಂಡದ್ದನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು ಊರಿಗೆ ತೋರಿಸಿದರೆ ತಪ್ಪು ತೋರಿಸಿದವರದು. ವಿಶೇಷವಾಗಿ ಗಂಡು ಶಿಕ್ಷಕರಿಗೆ ಒಂದು ಮಾತು: ಸರ್ ಬನಿಯನ್ ಹಾಕಿ ಹೊಳೆಯಲ್ಲಿ ಈಸು ಬಿದ್ದ ಫೋಟೊಕ್ಕೆ ಲೈಕು, ಅಕ್ಕೋರು ಜೀನ್ಸ್ ಹಾಕಿದ ಫೋಟೊಕ್ಕೆ ಸ್ಟಾಫ್ ರೂಮಿನಲ್ಲಿ ಚರ್ಚೆ, ಇದು ನಡೆಯಬಾರದು. ಅಂಥ ಚರ್ಚೆ ಎದ್ದರೆ ನೀವೇ ಮಾತು ತಿರುಗಿಸಿ.

• ಪಾಠದ ಹೊತ್ತಿನಲ್ಲಿ ಫೋನು ಕಪಾಟಿನಲ್ಲಿರಲಿ. ಹನ್ನೊಂದು ಗಂಟೆಗೆ ನೀವು ಯಾರದೋ ಪೋಸ್ಟಿಗೆ ಹಾಕಿದ ಕಮೆಂಟಿನ ಕೆಳಗೆ ಸಮಯವೂ ಇರುತ್ತದೆ. ದೂರು ಬರೆಯುವವನಿಗೆ ಬೇರೆ ಸಾಕ್ಷಿ ಬೇಡ.

ಮಕ್ಕಳ ಜೊತೆ ಮಾತು

• ಓದುತ್ತಿರುವ ಮಕ್ಕಳ ಫ್ರೆಂಡ್ ರಿಕ್ವೆಸ್ಟ್ ಸ್ವೀಕರಿಸಬೇಡಿ, ನೀವಂತೂ ಕಳಿಸಲೇಬೇಡಿ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎರಡೂ 13 ತುಂಬದವರಿಗೆ ಖಾತೆ ಕೊಡುವುದಿಲ್ಲ. ಆರನೇ ವರ್ಗದ ಹುಡುಗಿಯ ರಿಕ್ವೆಸ್ಟ್ ಬಂತೆಂದರೆ ಅವಳು ಸುಳ್ಳು ವಯಸ್ಸು ಹಾಕಿದ್ದಾಳೆ, ಇಲ್ಲವೇ ಅಪ್ಪನ ಫೋನಿನಲ್ಲಿದ್ದಾಳೆ. ಸ್ವೀಕರಿಸಿದರೆ ಅದನ್ನು ನೀವು ಒಪ್ಪಿದಂತಾಗುತ್ತದೆ. ಮರುದಿನ ವರ್ಗದಲ್ಲಿ ಎಲ್ಲರಿಗೂ ಕೇಳುವಂತೆ, ಯಾರ ಹೆಸರೂ ಎತ್ತದೆ ಹೇಳಿ: ‘ನಾ ಯಾರ ರಿಕ್ವೆಸ್ಟೂ ತಗೊಳ್ಳಂಗಿಲ್ರಿಪಾ, ಏನರ ಇದ್ರ ಇಲ್ಲೇ ಕೇಳ್ರಿ.’ ಯಾವ ಮಗುವಿಗೂ ಅವಮಾನ ಆಗುವುದಿಲ್ಲ.

• ಹತ್ತನೇ ಮುಗಿಸಿ ಹೋದವರಿಗೂ ಅವಸರ ಬೇಡ. ಪಿಯು ಓದುವ ಮಗು ಕಾನೂನಿನ ಕಣ್ಣಿಗೆ ಇನ್ನೂ ಮಗುವೇ. 18 ತುಂಬಲಿ. ಮುಂದೊಂದು ದಿನ ಆ ಹುಡುಗ ಕೆಲಸಕ್ಕೆ ಸೇರಿ ‘ಸರ್, ನೆನಪೈತೇನ್ರಿ’ ಎಂದು ಬರೆದಾಗ ಮನಸಾರೆ ಉತ್ತರ ಕೊಡಿ.

• ಮಗುವಿಗೆ ಹೇಳುವುದನ್ನು ಪಾಲಕರ ಫೋನಿಗೆ ಹೇಳಿ. ಗಣಿತದ ಲೆಕ್ಕದ ಅನುಮಾನ ಇರಲಿ, ಪ್ರತಿಭಾ ಕಾರಂಜಿಯ ಹಾಡು ಇರಲಿ, ತಾಯಿ ತಂದೆ ಓದಬಲ್ಲ ಜಾಗದಲ್ಲಿ ಬರೆಯಿರಿ. ಒಂದು ಮಗುವಿನ ಜೊತೆ ಖಾಸಗಿ ಚಾಟ್, ತಾನೇ ಅಳಿಸಿಹೋಗುವ ಮೆಸೇಜು, ರಾತ್ರಿ ವಿಡಿಯೊ ಕಾಲ್ ಇವು ಮೂರೂ ಬೇಡ. 2012ರ ಪೋಕ್ಸೊ ಕಾಯ್ದೆಯ 11ನೇ ಕಲಮು, ಲೈಂಗಿಕ ದುರುದ್ದೇಶದಿಂದ ಮಗುವನ್ನು ಮೇಲಿಂದ ಮೇಲೆ ಫೋನು, ಇಂಟರ್ನೆಟ್ ಮೂಲಕ ಸಂಪರ್ಕಿಸುವುದನ್ನೂ ಲೈಂಗಿಕ ಕಿರುಕುಳ ಎನ್ನುತ್ತದೆ. ನಿಮ್ಮ ಉದ್ದೇಶ ಶುದ್ಧವಿರಬಹುದು; ಅದನ್ನು ಠಾಣೆಯಲ್ಲಿ ಕೂತು ವಿವರಿಸುವ ಸ್ಥಿತಿಗೆ ಹೋಗಬೇಡಿ.

• ರಾತ್ರಿ ಹತ್ತಕ್ಕೆ ‘ಸರ್, ಮಲಗಿದ್ರಿ?’ ಎಂಬ ಮೆಸೇಜು ಮಗುವಿನಿಂದ ಬಂದರೆ ಹರಟೆಗೆ ಇಳಿಯಬೇಡಿ, ಬೆಳಗ್ಗೆ ಸಾಲಿಯಲ್ಲಿ ವಿಚಾರಿಸಿ. ಆದರೆ ‘ಸರ್, ಜೀವ ಬ್ಯಾಸರಾಗೈತಿ’ ಎಂದೋ ‘ಮನ್ಯಾಗ ಹೊಡಿಯಾಕತ್ತಾರ’ ಎಂದೋ ಬಂದರೆ ಬೆಳಗಿನ ತನಕ ಕಾಯುವಂತಿಲ್ಲ. ತಕ್ಷಣ ಉತ್ತರಿಸಿ, ಮುಖ್ಯಗುರುಗಳಿಗೆ ತಿಳಿಸಿ, ಮಗು ನಂಬುವ ಹಿರಿಯರನ್ನು ಎಬ್ಬಿಸಿ, 1098ಕ್ಕೆ ಕರೆ ಮಾಡಿ. ಮಗುವನ್ನು ಒಂಟಿಯಾಗಿ ಬಿಡಲೆಂದು ಯಾವ ಗೆರೆಯನ್ನೂ ಎಳೆದದ್ದಲ್ಲ.

• ಲೈಂಗಿಕ ದೌರ್ಜನ್ಯದ ಮಾತು ಮಗುವಿನ ಬಾಯಿಂದ ಬಂದರೆ ಗುಟ್ಟಾಗಿ ಇಡುತ್ತೇನೆಂದು ಭಾಷೆ ಕೊಡಬೇಡಿ. ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ ಶಿಕ್ಷೆ ಇದೆ. ‘ಪ್ರೂಫ್ ಕಳಿಸು’ ಎಂದು ಮಗುವಿನಿಂದ ಫೋಟೊ, ವಿಡಿಯೊ ತರಿಸಿಕೊಳ್ಳಬೇಡಿ. ಅಂಥ ಚಿತ್ರ ನಿಮ್ಮ ಫೋನಿನಲ್ಲಿರುವುದೇ ಐಟಿ ಕಾಯ್ದೆಯ 67ಬಿ ಅಡಿ ಅಪರಾಧವಾದೀತು.

ಗ್ರೂಪಿನ ಒಳಗೆ

• ವರ್ಗದ ಗ್ರೂಪಿನಲ್ಲಿ ಅಡ್ಮಿನ್‌ಗಳಷ್ಟೇ ಬರೆಯುವ ವ್ಯವಸ್ಥೆ ಮಾಡಿ. ಅಡ್ಮಿನ್ ನೀವೊಬ್ಬರೇ ಆಗಬೇಡಿ. ಮುಖ್ಯಗುರುಗಳೋ ಇನ್ನೊಬ್ಬ ಶಿಕ್ಷಕಿಯೋ ಜೊತೆಗಿರಲಿ. ಆಗ ಗುಡ್ ಮಾರ್ನಿಂಗ್ ಹೂವು, ಜಮೀನು ಮಾರಾಟ, ಪಕ್ಷದ ಪ್ರಚಾರ ಇವೆಲ್ಲ ತಾವಾಗಿಯೇ ನಿಲ್ಲುತ್ತವೆ.

• ಗ್ರೂಪ್ ಮಾಡಿದರೆ ಪ್ರತಿ ತಾಯಿಯ ನಂಬರು ಉಳಿದೆಲ್ಲರಿಗೂ ಕಾಣುತ್ತದೆ. ಇದರಿಂದ ಹೆಣ್ಣುಮಕ್ಕಳಿಗೆ ಬೇಡದ ಕಾಲ್ ಬರುತ್ತವೆ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ಯಾರ ನಂಬರು ಯಾರಿಗೂ ಕಾಣುವುದಿಲ್ಲ. ಅವರು ನಿಮ್ಮ ನಂಬರು ಸೇವ್ ಮಾಡಿಕೊಂಡಿರಬೇಕು, ಅಷ್ಟೇ.

• ಅಂಕಪಟ್ಟಿ, ಗೈರುಹಾಜರಿ ಪಟ್ಟಿ, ಬಾಕಿ ಫೀಸಿನ ಪಟ್ಟಿ ಗ್ರೂಪಿಗೆ ಹಾಕಬೇಡಿ. ವಿದ್ಯಾರ್ಥಿವೇತನದ ಪಟ್ಟಿಯನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ಜಾತಿ, ಆದಾಯ, ಆಧಾರ್, ಬ್ಯಾಂಕ್ ಖಾತೆ ಎಲ್ಲ ಇರುತ್ತವೆ. ಕೆಲಸ ಬೇಗ ಆಗಲಿ ಎಂದು ಹಾಕಿದ ಒಂದು ಪಿಡಿಎಫ್ ಮೋಸಗಾರರ ಕೈಗೆ ಸಿಕ್ಕರೆ ಪಾಲಕರ ಖಾತೆಗೇ ಕೈ ಬೀಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ.

• ಎಲ್ಲವನ್ನೂ ವಾಟ್ಸ್‌ಆ್ಯಪ್‌ಗೆ ಬಿಡಬೇಡಿ. ಗೋವಿನಜೋಳ ಮುರಿಯುವ ಕಾಲದಲ್ಲಿ ಮನೆಯ ಒಂದೇ ಫೋನು ಹೊಲದಲ್ಲಿರುತ್ತದೆ, ರೀಚಾರ್ಜ್ ಇರುವುದಿಲ್ಲ. ‘ಗ್ರೂಪಿನ್ಯಾಗ ಹಾಕೇನಲ್ಲ’ ಎಂದು ಮಗುವಿಗೆ ಗದರಿದರೆ ಬಡತನಕ್ಕೆ ಗದರಿದಂತೆ. ಚೀಟಿ ಬರೆದು ಕಳಿಸಿ, ಓಣಿಗೆ ಹೋಗಿ ಬನ್ನಿ.

• ಪ್ರವಾಸದ ದುಡ್ಡು, ಗ್ಯಾದರಿಂಗ್ ವಂತಿಗೆಯನ್ನು ನಿಮ್ಮ ಸ್ವಂತ ಫೋನ್‌ಪೇಗೆ ಹಾಕಿಸಿಕೊಳ್ಳಬೇಡಿ. ಸಾಲಿಯ ಖಾತೆ, ರಸೀದಿ, ಎಸ್‌ಡಿಎಂಸಿ ಲೆಕ್ಕ ಇರಲಿ. ಪಾಲಕರಿಂದ ಕೈಗಡ ಅಂತೂ ಬೇಡವೇ ಬೇಡ.

ಫೋಟೊ, ವಿಡಿಯೊ, ರೀಲ್ಸ್

• ಇಲಾಖೆ ಫೋಟೊ ಕೇಳುತ್ತದೆ ನಿಜ: ಮೊಟ್ಟೆ ಕೊಟ್ಟದ್ದಕ್ಕೆ, ಹಾಲು ಕೊಟ್ಟದ್ದಕ್ಕೆ, ಜಯಂತಿ ಆಚರಿಸಿದ್ದಕ್ಕೆ. ತೆಗೆದು ಸಿಆರ್‌ಪಿಗೆ ಕಳಿಸಿ, ಅಲ್ಲಿಗೆ ಮುಗಿಯಿತು. ಅದೇ ಫೋಟೊ ನಿಮ್ಮ ಸ್ಟೇಟಸ್ಸಿಗೆ ಹೋಗಬೇಕಿಲ್ಲ. ಬಿಸಿಯೂಟದ ತಾಟು ಹಿಡಿದು ಸಾಲಿನಲ್ಲಿ ನಿಂತ ಮಗುವಿನ ಮುಖ ನಿಮ್ಮ ಗೆಳೆಯರ ಲೈಕಿಗೆ ಇರುವುದಲ್ಲ.

• ಜೂನ್‌ನಲ್ಲಿ ದಾಖಲಾತಿ ಮಾಡುವಾಗಲೇ ಫೋಟೊಕ್ಕೆ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಒಲ್ಲೆ ಎಂದ ಮನೆಯ ಮಗುವನ್ನು ಫೋಟೊದಿಂದ ಬಿಡಿ, ಕಾರ್ಯಕ್ರಮದಿಂದ ಬಿಡಬೇಡಿ. ಒಪ್ಪಿಗೆ ಇದ್ದರೂ ಮುಖ, ಹೆಸರು, ಊರು ಮೂರೂ ಒಂದೇ ಕಡೆ ಹಾಕಬೇಡಿ.

• ತಪ್ಪು ಉತ್ತರ ಹೇಳುವ ಮಗುವಿನ ವಿಡಿಯೊ ಮಾಡಬೇಡಿ. ಒತ್ತಕ್ಷರ ಓದಲು ತೊದಲಿದ್ದು, ಮಗ್ಗಿ ತಪ್ಪಿದ್ದು, ಅತ್ತದ್ದು ನಿಮಗೆ ಮುದ್ದು ಅನಿಸಬಹುದು. ಲಕ್ಷ ಜನ ನಕ್ಕ ಮೇಲೆ ಆ ಹುಡುಗ ಸಾಲಿಗೆ ಬರಲು ಒಲ್ಲೆ ಎನ್ನುತ್ತಾನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತದ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

• ಬಾಡದ ಕನಕದಾಸರ ಅರಮನೆ, ಬಂಕಾಪುರದ ನವಿಲುಧಾಮ, ಸವಣೂರಿನ ದೊಡ್ಡ ಹುಣಸೆ ಮರಗಳಿಗೆ ಮಕ್ಕಳನ್ನು ಕರೆದೊಯ್ದಾಗ ಅಲ್ಲಿಂದಲೇ ಲೈವ್ ಬೇಡ. ಎಲ್ಲಿದ್ದೀರಿ ಎಂಬುದನ್ನು ಪಾಲಕರಿಗೆ ಮಾತ್ರ ತಿಳಿಸಿ. ಒಬ್ಬ ವಿದ್ಯಾರ್ಥಿಯ ಜೊತೆ ಒಬ್ಬರೇ ನಿಂತು ಫೋಟೊ ತೆಗೆಸಿಕೊಳ್ಳಬೇಡಿ. 2023ರ ಡಿಸೆಂಬರ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಪ್ರವಾಸದಲ್ಲಿ ಮುಖ್ಯಶಿಕ್ಷಕಿ ಮತ್ತು ಹತ್ತನೇ ತರಗತಿಯ ಹುಡುಗನ ಫೋಟೊಗಳು ದೇಶವೆಲ್ಲ ಹರಿದಾಡಿದವು. ಅವರು ಅಮಾನತಾದರು. ಆ ಹುಡುಗನ ಚಿತ್ರಗಳು ಯಾರ ಯಾರ ಫೋನಿನಲ್ಲಿ ಉಳಿದಿವೆಯೋ, ಅವನ್ನು ವಾಪಸ್ ತರುವ ದಾರಿ ಯಾವ ಆದೇಶಕ್ಕೂ ಇಲ್ಲ.

• ಗ್ಯಾದರಿಂಗ್ ದಿನ ನಾಟಕ, ಕುಣಿತವನ್ನು ಯಾರು ಚಿತ್ರೀಕರಿಸಬಹುದು ಎಂದು ಮೊದಲೇ ಮೈಕಿನಲ್ಲಿ ಹೇಳಿ. 2020ರ ಜನವರಿಯಲ್ಲಿ ಬೀದರ್‌ನ ಶಾಲೆಯೊಂದರಲ್ಲಿ ಮಕ್ಕಳು ಆಡಿದ ನಾಟಕದ ವಿಡಿಯೊ ಫೇಸ್‌ಬುಕ್‌ಗೆ ಹೋಯಿತು. ಮುಖ್ಯಶಿಕ್ಷಕಿಯೂ ಒಬ್ಬ ವಿದ್ಯಾರ್ಥಿನಿಯ ತಾಯಿಯೂ ಜೈಲು ಸೇರಿದರು, ಚಿಕ್ಕ ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ವಿಚಾರಿಸಿದರು. ರಾಜದ್ರೋಹದ ಆ ಪ್ರಕರಣವನ್ನು ಹೈಕೋರ್ಟ್ ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ನಾಟಕ ಸರಿಯೋ ತಪ್ಪೋ ಎಂಬ ವಾದ ಬೇರೆ. ಶಾಲೆಯ ಅಂಗಳ ದಾಟಿದ ವಿಡಿಯೊ ಯಾರ ಹಿಡಿತದಲ್ಲೂ ಇರುವುದಿಲ್ಲ ಎಂಬುದು ನಮಗೆ ಪಾಠ.

• ಕಲಿಸುವ ವಿಡಿಯೊ ಮಾಡುವ ಕಲೆ ನಿಮಗಿದ್ದರೆ ಬಿಡಬೇಡಿ. ಕರಿಹಲಗೆ, ನಿಮ್ಮ ಕೈ, ನಿಮ್ಮ ದನಿ, ಪಾಠೋಪಕರಣ ಸಾಕು. ಮಕ್ಕಳ ಮುಖ ಬೇಡ. ಯೂಟ್ಯೂಬ್‌ನಿಂದ ದುಡ್ಡು ಬರುವಂತಾದರೆ ಮೊದಲೇ ಇಲಾಖೆಯ ಅನುಮತಿ ಕೇಳಿ.

ರಾಜಕೀಯ ಮತ್ತು ಸುಳ್ಳು ಸುದ್ದಿ

• ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ಉಪಚುನಾವಣೆಯ ರುಚಿ ಗೊತ್ತು: ಹಿರೇಕೆರೂರು 2019ರ ಡಿಸೆಂಬರ್, ಹಾನಗಲ್ 2021ರ ಅಕ್ಟೋಬರ್, ಸವಣೂರನ್ನೂ ಒಳಗೊಂಡ ಶಿಗ್ಗಾಂವಿ 2024ರ ನವೆಂಬರ್. ಇಡೀ ರಾಜ್ಯದ ಕಣ್ಣು ಒಂದು ತಾಲ್ಲೂಕಿನ ಮೇಲಿದ್ದಾಗ ಮಾಸ್ತರ ಒಂದು ಶೇರ್ ಕೂಡ ಸುದ್ದಿ. ಬೂತ್ ಮಟ್ಟದ ಅಧಿಕಾರಿ ನೀವೇ, ಮತಗಟ್ಟೆಯಲ್ಲಿ ಕೂರುವವರೂ ನೀವೇ. ಚುನಾವಣಾ ಕರ್ತವ್ಯದ ಅವಧಿಯಲ್ಲಿ ನೀವು ಆಯೋಗದ ನಿಯೋಜನೆಯಲ್ಲಿ ಇದ್ದಂತೆ. ಮತ ಹಾಕಿ, ಬಾಯಿ ಕಟ್ಟಿಕೊಳ್ಳಿ.

• ಸರ್ಕಾರಿ ಶಿಕ್ಷಕರಿಗೆ 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು ಅನ್ವಯಿಸುತ್ತವೆ. ಒಮ್ಮೆ ಪೂರ್ತಿ ಓದಿ. ‘ನನ್ನ ಸ್ವಂತ ಖಾತೆ, ಭಾನುವಾರ ಬರೆದದ್ದು’ ಎಂಬ ಸಮಜಾಯಿಷಿ ನೋಟಿಸಿಗೆ ಉತ್ತರವಾಗುವುದಿಲ್ಲ. 2023ರ ಮೇ ತಿಂಗಳಲ್ಲಿ ಹೊಸದುರ್ಗ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರೊಬ್ಬರು ಉಚಿತ ಯೋಜನೆ, ರಾಜ್ಯದ ಸಾಲ ಕುರಿತು ಫೇಸ್‌ಬುಕ್‌ನಲ್ಲಿ ಬರೆದು ಅಮಾನತಾದರು. ಆ ಆದೇಶ ನ್ಯಾಯವೇ ಎಂದು ಬೇಕಾದರೆ ನಾವು ಕೂತು ವಾದ ಮಾಡೋಣ. ಆದರೆ ಪಗಾರ ನಿಂತದ್ದು ಅವರ ಮನೆಯಲ್ಲಿ. ಪಿಂಚಣಿ, ವರ್ಗಾವಣೆ, ಕೆಲಸದ ಹೊರೆಯ ಸಿಟ್ಟಿಗೆ ಸಂಘ ಇದೆ, ಮನವಿ ಪತ್ರ ಇದೆ, ನ್ಯಾಯಾಲಯ ಇದೆ. ಅವು ನಿಧಾನ, ಆದರೆ ಅಲ್ಲಿ ನೀವು ಒಂಟಿಯಲ್ಲ.

• ಅನುದಾನಿತ, ಖಾಸಗಿ ಶಾಲೆಯವರು ಮತ್ತು ಅತಿಥಿ ಶಿಕ್ಷಕರು ತಮ್ಮ ನೇಮಕಾತಿ ಪತ್ರದ ಷರತ್ತು ನೋಡಿಕೊಳ್ಳಲಿ. ನೌಕರಿಯ ಭದ್ರತೆ ಕಡಿಮೆ ಇದ್ದಷ್ಟೂ ಎಚ್ಚರ ಜಾಸ್ತಿ ಬೇಕಾಗುತ್ತದೆ, ಇದು ಕಹಿಯಾದರೂ ಖರೇ.

• ಸುದ್ದಿ ನಿಜವೋ ಸುಳ್ಳೋ ಗೊತ್ತಾಗುವ ತನಕ ಮುಂದೆ ಕಳಿಸಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿಸಿ ಒಬ್ಬ ಯುವಕನನ್ನು ಕೊಂದರು. ಆ ತಿಂಗಳಲ್ಲೇ ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸಲು ಹೊರಟಿತು. ನಮ್ಮಲ್ಲೇ 2024ರ ಅಕ್ಟೋಬರ್ ಕೊನೆಗೆ, ವಕ್ಫ್ ಹೆಸರಿನಲ್ಲಿ ಮನೆ ಹೋಗುತ್ತವೆ ಎಂಬ ಆತಂಕ ಹಬ್ಬಿ ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ಕಲ್ಲು ತೂರಾಟವಾಯಿತು. ‘ಸರ್ ಕಳಿಸ್ಯಾರ’ ಎಂದರೆ ಊರು ಅದನ್ನು ಖರೇ ಎಂದೇ ತಿಳಿಯುತ್ತದೆ. ನಿಮ್ಮ ಮೇಲಿನ ಆ ನಂಬಿಕೆಯನ್ನು ಬೇರೆಯವರ ಸುಳ್ಳಿಗೆ ಸಾಲ ಕೊಡಬೇಡಿ.

• 2024ರ ಜನವರಿಯಲ್ಲಿ ಹಾನಗಲ್ ತಾಲ್ಲೂಕಿನಲ್ಲಿ ಹೆಣ್ಣುಮಗಳೊಬ್ಬಳ ಮೇಲೆ ನಡೆದ ಕೃತ್ಯದ ವಿಡಿಯೊ ಫೋನಿನಿಂದ ಫೋನಿಗೆ ಹೋಯಿತು. ಅಂಥದ್ದು ಬಂದರೆ ನೋಡಬೇಡಿ, ಖಂಡಿಸಲೆಂದೂ ಕಳಿಸಬೇಡಿ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ.

• ಧರ್ಮ, ಜಾತಿಯ ಕೆಣಕುವ ಪೋಸ್ಟಿಗೆ ಒಂದು ನಗುವಿನ ಎಮೋಜಿಯೂ ಬೇಡ. ಶಿಶುನಾಳ ನಮ್ಮ ಶಿಗ್ಗಾಂವಿ ತಾಲ್ಲೂಕಿನದು. ಕೆಲಕಾಲ ಸಾಲಿ ಮಾಸ್ತರಿಕೆಯನ್ನೂ ಮಾಡಿದ ಷರೀಫರು ಕಳಸದ ಗೋವಿಂದಭಟ್ಟರ ಶಿಷ್ಯರಾದ ನೆಲ ಇದು. ನಿಮ್ಮ ಹಾಜರಿ ಪುಸ್ತಕದಲ್ಲಿ ಎಲ್ಲ ಮನೆಯ ಹೆಸರೂ ಇವೆ. ಆ ಎಮೋಜಿ ನೋಡಿದ ಮನೆಯ ಮಗು ಮರುದಿನ ನಿಮ್ಮೆದುರು ಕೈ ಎತ್ತಲು ಹಿಂಜರಿಯುತ್ತದೆ.

ನಿಮಗೇ ತೊಂದರೆಯಾದಾಗ

• ಮಕ್ಕಳೇ ನಿಮ್ಮ ಫೋಟೊಕ್ಕೆ ಮೀಮ್ ಮಾಡಿದರೆ ಗ್ರೂಪಿನಲ್ಲಿ ಕೂಗಾಡಬೇಡಿ, ವರ್ಗದಲ್ಲಿ ಕಿವಿ ಹಿಂಡಬೇಡಿ. ಮುಖ್ಯಗುರುಗಳ ಎದುರು ಪಾಲಕರನ್ನು ಕೂರಿಸಿ ಮಾತಾಡಿ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ.

• ಮುಖ ಬದಲಿಸಿದ ಅಶ್ಲೀಲ ಚಿತ್ರ, ನಕಲಿ ಖಾತೆ ಆದರೆ ವಿಷಯ ಬೇರೆ. ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ ಉಳಿಸಿಕೊಳ್ಳಿ, ಆಮೇಲೆ ಬ್ಲಾಕ್ ಮಾಡಿ. ಆ್ಯಪ್‌ನಲ್ಲೇ ದೂರು ಕೊಡಿ. ಅಂಥ ಚಿತ್ರವನ್ನು ದೂರು ಬಂದ ಎರಡು ಗಂಟೆ ಮೀರದಂತೆ ತೆಗೆಯಬೇಕೆಂದು ಐಟಿ ನಿಯಮ ಹೇಳುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ನಿಮ್ಮ ಹೆಸರಲ್ಲಿ ಯಾರಾದರೂ ಪಾಲಕರಿಂದ ದುಡ್ಡು ಕಿತ್ತರೆ ತಡಮಾಡದೆ 1930ಕ್ಕೆ ಕರೆ ಮಾಡಿಸಿ.

• ತಂಗಿಯರೆ, ಸಹೋದ್ಯೋಗಿಯೋ ಮೇಲಿನವರೋ ರಾತ್ರಿ ಬೇಡದ ಮೆಸೇಜು ಕಳಿಸಿದರೆ ಒಂದೇ ಸಾಲಿನಲ್ಲಿ ‘ಶಾಲಾ ವಿಷಯವಿದ್ದರೆ ಸ್ಟಾಫ್ ಗ್ರೂಪಿನಲ್ಲಿ ಹಾಕಿರಿ’ ಎಂದು ಬರೆಯಿರಿ. ಅಲ್ಲಿಗೂ ನಿಲ್ಲದಿದ್ದರೆ ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆ. ಹತ್ತಕ್ಕಿಂತ ಕಡಿಮೆ ಸಿಬ್ಬಂದಿಯ ನಮ್ಮ ಹಳ್ಳಿ ಶಾಲೆಗಳಲ್ಲಿ ಆಂತರಿಕ ಸಮಿತಿ ಇರುವುದಿಲ್ಲ. ಅಂಥಲ್ಲಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೆಸೇಜು ಅಳಿಸಬೇಡಿ. ಸಿಟ್ಟಿನಲ್ಲಿ ಅಳಿಸಿದರೆ ಅವನಿಗೇ ಅನುಕೂಲ.

ಈ ಭಾನುವಾರ ಮಾಡಿ ಮುಗಿಸುವ ಕೆಲಸ

• ಸ್ಟೇಟಸ್ಸು ಯಾರಿಗೆ ಕಾಣುತ್ತದೆ ಎಂದು ನೋಡಿ, ಬದಲಿಸಿ.
• ಫೋನಿನ ಗ್ಯಾಲರಿಯಲ್ಲಿರುವ ಮಕ್ಕಳ ಫೋಟೊಗಳಲ್ಲಿ ದಾಖಲೆಗೆ ಬೇಕಾದವನ್ನು ಶಾಲೆಯ ಕಂಪ್ಯೂಟರಿಗೆ ಹಾಕಲು ತೆಗೆದಿಟ್ಟು ಉಳಿದವನ್ನು ಅಳಿಸಿ.
• ವರ್ಗದ ಗ್ರೂಪಿಗೆ ಎರಡನೇ ಅಡ್ಮಿನ್ ಸೇರಿಸಿ.
• ಪಾಲಕರಿಗೆ ಒಂದು ಮೆಸೇಜು ಹಾಕಿ: ‘ಸಂಜೆ ಏಳರವರೆಗೆ ಕರೆ ಮಾಡಬಹುದು. ಮಗುವಿನ ಜೀವಕ್ಕೆ, ಆರೋಗ್ಯಕ್ಕೆ ಸಂಬಂಧಿಸಿದ್ದಾದರೆ ಯಾವ ಹೊತ್ತಾದರೂ ಸರಿ.’

ಕೊನೆಯ ಮೆಸೇಜು ಕಳಿಸಿದ ಮೇಲೆ ಕೆಲವರು ಗೊಣಗುತ್ತಾರೆ, ‘ಸರ್ ದೊಡ್ಡವ್ರಾದ್ರು’ ಎನ್ನುತ್ತಾರೆ. ಎರಡು ವಾರ ತಡೆದುಕೊಳ್ಳಿ. ಏಳರ ಮೇಲೆ ಕರೆ ಮಾಡುವವರು ಕಡಿಮೆಯಾಗುತ್ತಾರೆ, ಮಾಡಿದವರ ಕರೆಯನ್ನು ನೀವು ಮೊದಲ ರಿಂಗಿಗೇ ಎತ್ತುತ್ತೀರಿ.